ಚೆನ್ನಾಗಿ ತಿಕ್ಕಿದ ಮೋಡ

ಒಂದು ಮುಚ್ಚಳ ವಿನೆಗರ್, ಮೂರು ಮುಚ್ಚಳ ನೀರು, ನಾಲ್ಕಾಗಿ ಮಡಚಿದ ಹಳೆಯ ಪೇಪರು. ಮೊನ್ನೆ ಆಫೀಸಿನ ಕಿಟಕಿ ಒರೆಸುತ್ತಿದ್ದ ಕಡೆಯಿಂದ ಆ ವಾಸನೆ ಬಂದಾಗ ಫಹಾಹೀಲ್‌ನ ಸ್ಟೆಲ್ಲಾ ಆಂಟಿ ನೆನಪಾದರು. ಕುವೈತಿಗೆ ಬಂದ ಮೊದಲ ವರ್ಷ ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಮಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸ್. ಧೂಳುಗಾಳಿ ಬೀಸಿದ ಮರುದಿನ ಆ ಮನೆಯಲ್ಲಿ ಅವರ ಕೈಯಿಂದ ಪಾರಾಗುತ್ತಿದ್ದದ್ದು, ನಾನು ನೋಡಿದಂತೆ, ಚಾವಣಿಯೊಂದೇ.

ಈ ಊರಿನಲ್ಲಿ ನನ್ನದು ಎನ್ನಬಹುದಾದ ವಸ್ತು ಆಗ ಒಂದೇ ಇತ್ತು: ಎಂ.ಎ. ಮುಗಿಸಿದಾಗ ಕಲಾ ಇತಿಹಾಸದ ಮೇಡಂ ಕೊಟ್ಟ ಹಳೆಯ ಇಂಗ್ಲಿಷ್ ಮುದ್ರಣಚಿತ್ರ. ಬೆಟ್ಟ, ಸರೋವರ, ಮೋಡ. ಮೋಡದ ಅಂಚೊಂದನ್ನು ಬಿಟ್ಟರೆ ಎಲ್ಲವೂ ಇದ್ದಿಲಿನಂತೆ ಕಪ್ಪು. ನನ್ನ ಕೋಣೆಯಲ್ಲಿ ಕಪಾಟಿಗೆ ಸಿಗದೆ ಉಳಿದ ಗೋಡೆ ಇರಲಿಲ್ಲವಾದ್ದರಿಂದ, ಕೇಳಿಕೊಂಡು ಹಾಲಿನಲ್ಲಿ ತೂಗುಹಾಕಿದ್ದೆ. ಆಂಟಿ ಮೂರು ವಾರ ಅದರ ಗಾಜು ಒರೆಸಿದರು. ನಾಲ್ಕನೆಯ ವಾರ ಸೋತರು.

“ಎಷ್ಟು ಒರೆಸಿದ್ರೂ ಈ ಕಪ್ಪು ಬಿಡೂದಿಲ್ಲ ಮಾರಾಯ್ತಿ. ಶುಕ್ರವಾರ ಜಪಸರದ ಪ್ರಾರ್ಥನೆಗೆ ಜನ ಬರ್ತಾರೆ. ತೆಗೆದು ನಿನ್ನ ಮಂಚದ ಅಡಿಗೆ ಇಡು.”

ನನಗೆ ಜಗಳವಾಡಲು ಬರುವುದಿಲ್ಲ; ಪಾಠ ಮಾಡಲು ಬರುತ್ತದೆ. ಇದಕ್ಕೆ ಮೆಝೊಟಿಂಟ್ ಅನ್ನುತ್ತಾರೆ ಎಂದು ಶುರುಮಾಡಿದೆ. ಸಣ್ಣ ಹಲ್ಲುಗಳಿರುವ ಬಾಗಿದ ಉಳಿಯನ್ನು ತಾಮ್ರದ ತಗಡಿನ ಮೇಲೆ ತೊಟ್ಟಿಲಿನಂತೆ ತೂಗಿ ತೂಗಿ ಇಡೀ ತಗಡನ್ನು ತರಿತರಿ ಮಾಡುತ್ತಾರೆ. ಆಗ ಶಾಯಿ ಹಚ್ಚಿ ಅಚ್ಚೊತ್ತಿದರೆ ಬರುವುದು ಬರೀ ಕಪ್ಪು. ಬೆಳಕು ಬೇಕಾದ ಕಡೆ ಮಾತ್ರ ತಗಡನ್ನು ಕೆರೆದು, ಉಜ್ಜಿ ನುಣುಪು ಮಾಡಬೇಕು, ಉಜ್ಜಿದಷ್ಟೂ ಬಿಳಿ.

ಆಂಟಿ ಕೈಯಲ್ಲಿದ್ದ ಪೇಪರನ್ನು ಕೆಳಗಿಟ್ಟರು. “ಅಂದ್ರೆ ಅವ ಬಿಡಿಸಿದ್ದಲ್ಲ, ತಿಕ್ಕಿದ್ದು.”

ಹೌದೆಂದೆ.

“ಮತ್ತೆ ಅರ್ಧಕ್ಕೇ ಬಿಟ್ಟದ್ದು ಎಂತಕ್ಕೆ?”

ಸುತ್ತ ಅಷ್ಟು ಕಪ್ಪು ಉಳಿಸಿದ್ದರಿಂದಲೇ ಮೋಡ ಹೊಳೆಯುವುದು ಎಂದೇನೋ ತೊದಲಿದೆ. ಆಂಟಿ ಕತ್ತೆತ್ತಿ ಬಹಳ ಹೊತ್ತು ನೋಡಿ, ಮೋಡವನ್ನು ಚೆನ್ನಾಗಿ ತಿಕ್ಕಿದ್ದಾನೆಂದು ಒಪ್ಪಿದರು. ಚಿತ್ರ ಉಳಿಯಿತು.

ಶುಕ್ರವಾರ ಬಂದವರಿಗೆಲ್ಲ ಪಾಠ ಮಾಡಿದ್ದು ಆಂಟಿಯೇ. ನಾನು ಹೇಳದಿದ್ದ ಬೆನ್ನುನೋವನ್ನೂ ಹೆಂಡತಿಯ ಬೈಗುಳವನ್ನೂ ಆ ಕಲಾವಿದನಿಗೆ ಧಾರಾಳವಾಗಿ ಕೊಟ್ಟರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಚಹಾದ ಲೋಟ ಹಿಡಿದು ಚಿತ್ರದ ಕತ್ತಲಲ್ಲಿ ಹುಡುಕತೊಡಗಿದರು. ಒಬ್ಬರಿಗೆ ದೋಣಿ ಸಿಕ್ಕಿತು, ಇನ್ನೊಬ್ಬರಿಗೆ ಇಗರ್ಜಿಯ ಶಿಲುಬೆ. ಆಂಟಿಗೆ ಸರೋವರದ ದಡದಲ್ಲಿ ಮಲಗಿದ ಹಸು ಸಿಕ್ಕಿತು. ನಾನು ನನ್ನ ಪದವಿಗೆ ತಕ್ಕ ವಿನಯದಿಂದ, ಅದು ಬಂಡೆ ಎಂದು ತಿದ್ದಿದೆ.

“ಬಂಡೆಗೆ ಕಿವಿ ಉಂಟಾ?” ಎಂದರು ಆಂಟಿ.

ಎಲ್ಲರೂ ನಕ್ಕರು. ನಾನು ಲೋಟಗಳನ್ನು ಒಟ್ಟುಮಾಡಿಕೊಂಡು ಅಡುಗೆಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಆಂಟಿ ಡ್ಯೂಟಿಗೆ ಹೋಗುವವರೆಗೆ ಕಾದು, ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿ, ಮೊಬೈಲಿನ ಟಾರ್ಚ್ ಹಿಡಿದು ಆ ಬಂಡೆಯನ್ನು ಪರೀಕ್ಷಿಸಿದೆ. ಎರಡು ಕಿವಿಗಳಿದ್ದವು. ಬಾಲವೂ ಇತ್ತು. ಆಂಟಿ ನನಗಿಂತ ಒಂದು ಗೇಣು ಗಿಡ್ಡ. ಸುತ್ತಿಗೆ ತಂದು ಮೊಳೆ ಕಿತ್ತು, ಒಂದು ಗೇಣು ಕೆಳಗೆ ಹೊಡೆದು, ಚಿತ್ರವನ್ನು ಅಲ್ಲಿ ತೂಗುಹಾಕಿದೆ.