ಹವೇಲಿಯ ಮೂರನೆಯ ಬೀಗ

ಮುಂಬೈನ ಬೈಕುಲ್ಲಾದ ಒಂದು ಬಟ್ಟೆ ಅಂಗಡಿಯಲ್ಲಿ ನಮ್ಮವರು ಗುಮಾಸ್ತರಾಗಿದ್ದರು. ಮಾಲೀಕರ ಪೂರ್ವಿಕರ ಹವೇಲಿ ರಾಜಸ್ಥಾನದ ಮರಳುಸೀಮೆಯಲ್ಲಿದೆ. ಅಲ್ಲಿ ಒಂದು ಕೋಣೆಯ ಗೋಡೆಯುದ್ದಕ್ಕೂ ರೈಲಿನ ಚಿತ್ರವಿದೆಯಂತೆ. ಬರೆದವನು ರೈಲನ್ನೇ ಕಂಡವನಲ್ಲವಂತೆ. ಅದನ್ನೊಮ್ಮೆ ನೋಡಬೇಕು ಅಂತ ನಮ್ಮವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಹೋಗೋಣ ನಡೀರಿ ಅಂದರೆ, ದೀಪಾವಳಿ ಸೀಜನ್ ಮುಗೀಲಿ, ಲಗ್ನದ ಸೀಜನ್ ಮುಗೀಲಿ. ಹೀಗೆ ಅನ್ನುತ್ತಲೇ ಹೋಗಿಬಿಟ್ಟರು.

ವರ್ಷದ ಕಾರ್ಯ ಮುಗಿದ ಮೇಲೆ ಆ ರೈಲನ್ನು ನೋಡಿಯೇ ಬರುತ್ತೇನೆಂದು ನಾನೇ ಹೊರಟೆ. ಜೊತೆಗೆ ಅವರ ತಂಗಿ, ನನ್ನ ನಾದಿನಿ. ಮೊದಲೇ ಮಾಲೀಕರಿಗೆ ಫೋನ್ ಮಾಡಿ ಕೇಳಿದ್ದೆ.

“ಆಪ್ ಕಾ ಹೀ ಘರ್ ಹೈ, ಭಾಭೀಜಿ” ಅಂದಿದ್ದರು, ನಿಮ್ಮದೇ ಮನೆ ಅಂತ.

ಹವೇಲಿಯ ಕಾವಲುಗಾರ ಮುದುಕ ಅಂಗಳದಲ್ಲೆಲ್ಲ ತಿರುಗಾಡಿಸಿದ. ಮಾಲೀಕರ ಮುತ್ತಜ್ಜ ಇಳಿವಯಸ್ಸಿನಲ್ಲಿ ಕಲಕತ್ತೆಯಿಂದ ಹಾಡುವವಳೊಬ್ಬಳನ್ನು ಕರೆತಂದು ಮಹಡಿಯಲ್ಲಿ ಇಟ್ಟನಂತೆ. ಹೆಂಡತಿ ಸಿಟ್ಟಿನಿಂದ ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿಸಿದಳಂತೆ. ಆತ ಹಗ್ಗ ಹಿಡಿದು ಹತ್ತುತ್ತಿದ್ದನಂತೆ.

“ಆ ವಯಸ್ಸಿನ್ಯಾಗ ಹಗ್ಗಾ ಹಿಡಿದ? ಭಾಳ ಗಟ್ಟಿ ಮನಶ್ಯಾ ಬಿಡ್ರಿ ವೈನಿ!” ಅಂದಳು ನಾದಿನಿ.

ಕೊನೆಗೆ ರೈಲಿನ ಕೋಣೆ. ಬಾಗಿಲಿಗೆ ಮೂರು ಬೀಗ. ಅಣ್ಣತಮ್ಮಂದಿರ ಮೂರು ಮನೆತನಗಳು, ಒಬ್ಬರು ಇಲ್ಲದೆ ಇನ್ನೊಬ್ಬರು ತೆರೆಯಬಾರದು ಎಂದು ಒಂದೊಂದು ಬೀಗ ಜಡಿದಿದ್ದಾರೆ. ಮುದುಕನ ಹತ್ತಿರ ಎರಡು ಕೀಲಿಕೈ ಇದ್ದವು. ಮೂರನೆಯದು ನಮ್ಮ ಮಾಲೀಕರ ಮನೆಯಲ್ಲಿ. ಅವರ ಮನೆ ಘಾಟ್ಕೋಪರಿನಲ್ಲಿ, ನಮ್ಮ ಬಿಲ್ಡಿಂಗಿನ ಹಿಂದಿನ ಓಣಿಯಲ್ಲಿ. ದಿನಾ ಅದರ ಮುಂದೆಯೇ ಹಾದು ತರಕಾರಿ ತರುತ್ತೇನೆ.

ಫೋನ್ ಮಾಡಿದೆ. ಹೌದು, ದೇವರ ಮನೆಯಲ್ಲೇ ಇದೆ ಅಂದರು. ಕೇಳಿದ್ದರೆ ಕೊಡುತ್ತಿದ್ದರಂತೆ. ಬೀಗವಿದೆ ಎಂದು ನನಗೆ ಹೇಳಿದವರು ಯಾರು?

“ಅಣ್ಣ ಇದ್ದಿದ್ರ ಬೀಗಾ ಒಡೀತಿದ್ದ” ಅಂದಳು ನಾದಿನಿ.

“ನಿಮ್ಮಣ್ಣ? ಕಟ್ಟಿ ಮ್ಯಾಲೆ ಕೂತು ಚಾ ಕುಡೀತಿದ್ರು. ಸುಮ್ನಿರವಾ.”

ಕೋಣೆಯ ಕಿಟಕಿಯ ಒಂದು ಮರದ ಪಟ್ಟಿ ಮುರಿದಿತ್ತು. ಮೊಣಕೈತನಕ ಕೈ ತೂರಿಸಿ ಮೊಬೈಲಿನಲ್ಲಿ ಫೋಟೋ ಹೊಡೆದೆ. ಒಂದರಲ್ಲಿ ಬರೀ ಛಾವಣಿ, ಇನ್ನೊಂದರಲ್ಲಿ ನನ್ನದೇ ಹೆಬ್ಬೆರಳು. ಕೈ ತರಚಿತು. ಕೊನೆಯದರಲ್ಲಿ ರೈಲಿನ ಒಂದು ಡಬ್ಬಿ ಸಿಕ್ಕಿತು. ನೀಲಿ ಬಣ್ಣ, ಸಾಲಾಗಿ ಕಿಟಕಿ, ಪ್ರತಿ ಕಿಟಕಿಯಲ್ಲೂ ಪಗಡಿ ಸುತ್ತಿದ ಒಬ್ಬ. ಒಬ್ಬನ ಕೈಯಲ್ಲಿ ಹುಕ್ಕಾ.

“ಒಬ್ಬೊಬ್ರಿಗೆ ಒಂದೊಂದು ಖಿಡಕಿ! ಇವರನ್ನ ಸಂಜಿಮುಂದ ದಾದರ್‌ನ್ಯಾಗ ಲೋಕಲ್ ಟ್ರೇನ್ ಗದ್ದಲದಾಗ ಹತ್ತಸಬೇಕು ನೋಡ್ರಿ” ಅಂದಳು ನಾದಿನಿ.

ನಗು ಬಂತು. “ರೀ, ನೋಡ್ರಿಲ್ಲೆ” ಎಂದು ಮೊಬೈಲನ್ನು ನಮ್ಮವರು ನಿಲ್ಲುತ್ತಿದ್ದ ಬಲಗಡೆಗೆ ಚಾಚಿದೆ. ಅಲ್ಲಿ ಮುದುಕ ನಿಂತಿದ್ದ. ಪಾಪ, ಬಗ್ಗಿ ನೋಡಿದ.

ಇಂಜಿನ್ ಮಾತ್ರ ಎಷ್ಟು ಕೈ ಚಾಚಿದರೂ ಸಿಗಲಿಲ್ಲ.

ಮುಂಬೈಗೆ ಬಂದ ಮರುದಿನವೇ ಮಾಲೀಕರ ಮನೆಗೆ ಹೋದೆ. ಅವರು ನಗುತ್ತ ಕೀಲಿಕೈ ತಂದು ಮುಂದೆ ಹಿಡಿದರು. ನಮ್ಮವರು ಹೊರಟಿದ್ದರೆ ನೀವೇ ಅವರ ಕಿಸೆಗೆ ಹಾಕಿ ಕಳಿಸುತ್ತಿದ್ದಿರಿ ಅನ್ನುವ ಮಾತು ಬಾಯಿತನಕ ಬಂತು. ಕೀಲಿಕೈ ಇಸಿದುಕೊಂಡು, ಚಹಾ ಕುಡಿಯದೆ ಎದ್ದು ಬಂದೆ.