ಮೂರು ನೀರು ಕಾಣದ ಸೀರೆ

ನಸುಕಿನಲ್ಲಿ ಮತ್ತೆ ಅದೇ ಕನಸು ಬಿತ್ತು. ಕೌದಿಯೊಳಗೆ ಕೂಸು ಕೆಮ್ಮುತ್ತಿದೆ, ಗವಸಿನ ಬಾಯಿ ನನ್ನ ಕೈಗೆ ಸಿಗುತ್ತಿಲ್ಲ. ಮೊಮ್ಮಗಳ ಪುಟ್ಟ ಮಂಚದ ಕೌದಿಗೆ ಗವಸು ಹೊಲಿಯಲು ಕೂತಾಗಿನಿಂದ ಹೀಗೇ.

ನಮ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಸಾಲಿ ಬಿಟ್ಟು ತಂಗಿಯನ್ನು ಆಡಿಸುತ್ತಿದ್ದೆ. ಥಂಡಿ ಬಂತು. ಅವ್ವ ತಾನು ಕೆಲಸಕ್ಕೆ ಉಡುವ ಸೀರೆ ಕೊಟ್ಟು, "ಮೂರು ನೀರಾಗ ಒಗದು ಹಾಕು. ತಂಗಿ ಕೌದಿಗೆ ಗವಸು ಹೊಲಿತೇನಿ" ಅಂದಳು. ನೀರು ಕೊರೆಯುತ್ತಿತ್ತು. ಒಂದೇ ನೀರಿನಲ್ಲಿ ಜಾಲಿಸಿ ಒಣಹಾಕಿದೆ.

"ಮೂರೂ ಆತೇನ?"

"ಹೂಂನವಾ."

ಅದನ್ನು ಹೊದ್ದ ದಿನದಿಂದ ತಂಗಿಗೆ ಕೆಮ್ಮು, ಕಣ್ಣು ಕೆಂಪು. ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ಘಾಟೇ ಬರವಲ್ದು. ದೊಡ್ಡ ದೃಷ್ಟಿ ಆಗೇತಿ" ಅಂದಳು. ದಿನಾ ಮೆಣಸಿನಕಾಯಿಯಲ್ಲೇ ಇರುವ ಮೂಗುಗಳು ನಮ್ಮವು. ಒಲೆಯ ಘಾಟೂ ತಿಳಿಯಲಿಲ್ಲ, ಗವಸಿನದೂ ತಿಳಿಯಲಿಲ್ಲ. ಥಂಡಿ ಮುಗಿಯುವ ಮೊದಲೇ ತಂಗಿ ಹೋದಳು. ಒಂದೇ ನೀರು ಅಂತ ಅವ್ವ ಸಾಯುವ ತನಕ ನಾನು ಹೇಳಲಿಲ್ಲ.

ಈಗಿನದು ರಾಣೆಬೆನ್ನೂರಿನಲ್ಲಿ ತಂದ ಹೊಸ ಬಟ್ಟೆ. ಏಳು ನೀರಿನಲ್ಲಿ ಒಗೆದಿದ್ದೇನೆ. "ಬಣ್ಣಾನೂ ಬಿಡಿಸಿಬಿಟ್ಟಿ, ಇನ್ನ ಸಾಕು ಬೇ" ಅಂತ ಮಗಳು ನಗುತ್ತಾಳೆ. ನನ್ನದೂ ಅದೇ ಮನೆಯ ಮೂಗು, ಅದರ ಮೇಲೆ ನಂಬಿಕೆ ಇಲ್ಲ.

"ನೀನೇ ಇನ್ನೊಮ್ಮೆ ಮೂಸಿ ನೋಡವಾ."