ಬೆಂದ್ರು ತೀರ್ಥದಲ್ಲಿ ನಂಜತ್ತೆಯ ಸ್ನಾನ

ಬೆಳಗಿನ ರೈಲು ಹಿಡಿಯಲು ಬಸವನಗುಡಿಯಲ್ಲಿ ಜಟಕಾ ಹತ್ತಿದಾಗ ನಂಜತ್ತೆ ಆಗಲೇ ತಣ್ಣೀರು ಸ್ನಾನ ಮುಗಿಸಿ ಗಡಗಡ ನಡುಗುತ್ತಿದ್ದರು. ಮಾಗಿಯ ಚಳಿ. ನಂಜತ್ತೆ ನಮ್ಮ ತಂದೆಯ ಅಕ್ಕ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವರು. ಒಲೆಯ ಮೇಲೆ ಕಾದ ನೀರು ಮಡಿಗೆ ಬಾರದು ಎಂಬುದು ಅವರ ನಿಯಮ. ಈಚೆಗೆ ಬೆರಳುಗಳು ಮಡಚಿಕೊಂಡು, ಒದ್ದೆ ಸೀರೆ ಹಿಂಡುವುದೂ ಕಷ್ಟವಾಗಿತ್ತು. ದೇವರ ಅಡಿಗೆ ಕೈತಪ್ಪಿದರೆ ಈ ಮನೆಯಲ್ಲಿ ನಾನು ಯಾಕಿರಬೇಕು ಎಂದು ಒಮ್ಮೆ ಅತ್ತೇಬಿಟ್ಟಿದ್ದರು. ಚಾಮರಾಜಪೇಟೆಯ ಡಾಕ್ಟರು ತಣ್ಣೀರು ಬಿಡದಿದ್ದರೆ ಕೈ ಪೂರ್ತಿ ಹೋಗುತ್ತದೆ ಎಂದರು. ಅತ್ತೆ ತಣ್ಣೀರು ಬಿಡಲಿಲ್ಲ, ಡಾಕ್ಟರನ್ನು ಬಿಟ್ಟರು.

ಆಗ ನನಗೊಂದು ಉಪಾಯ ಹೊಳೆಯಿತು. ಪುತ್ತೂರಿನಾಚೆ ಇರ್ದೆ ಎಂಬಲ್ಲಿ ನೆಲದೊಳಗಿಂದಲೇ ಬಿಸಿಯಾಗಿ ಏಳುವ ತೀರ್ಥವಿದೆ, ಅದನ್ನು ಬೆಂದ್ರು ತೀರ್ಥ ಎನ್ನುತ್ತಾರೆ ಎಂದು ನಮ್ಮ ಶಾಲೆಯ ಮೇಷ್ಟ್ರೊಬ್ಬರು ಹೇಳಿದ್ದರು. ಯಾರೂ ಬೆಂಕಿ ಹಚ್ಚದ ಬಿಸಿನೀರು. ಅತ್ತೆ ಬಹಳ ಯೋಚಿಸಿ, ಒಂದು ಸಲ ನೋಡೋಣ ಎಂದರು.

ಮೊದಲ ರಾತ್ರಿ ಮೈಸೂರಿನ ಛತ್ರದಲ್ಲಿ ತಂಗಿದೆವು. ಮರುದಿನ ಮಡಿಕೇರಿಯ ಮೇಲೆ ಪುತ್ತೂರಿಗೆ ಹೋಗುವ ಬಸ್ಸು. ಆಗ ಪುತ್ತೂರು ಇನ್ನೂ ಮದರಾಸಿಗೆ ಸೇರಿತ್ತು. ಅತ್ತೆಗೆ ಹೋಟೆಲಿನ ನೀರೂ ಆಗದು, ನಲ್ಲಿಯ ನೀರೂ ಆಗದು. ಬಸ್ಸು ನಿಂತಲ್ಲೆಲ್ಲ ನಾನು ತಾಮ್ರದ ಚೊಂಬು ಹಿಡಿದು ಬಾವಿ ಹುಡುಕಿಕೊಂಡು ಓಡಬೇಕು, ಕಂಡಕ್ಟರು ಸೀಟಿ ಊದಬೇಕು. ಮಡಿಕೇರಿಯಲ್ಲಿ ಬಸ್ಸಿನ ಮರೆಯಲ್ಲಿ ನಿಂತು ಕದ್ದು ಇಡ್ಲಿ ತಿಂದೆ. ಅತ್ತೆ ತಾವು ತಂದಿದ್ದ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು ಎರಡು ತುತ್ತು ತಿಂದರು. ಬೆಲ್ಲ ಪುಡಿ ಮಾಡಲು ಬೆರಳು ಸಾಗದೆ ಉಂಡೆಯನ್ನು ನನ್ನ ಕಡೆ ಚಾಚಿದ್ದರು, ಮುಖ ಮಾತ್ರ ಕಿಟಕಿಯ ಕಡೆಗಿತ್ತು.

ಮೂರನೆಯ ದಿನ ಬೆಳಿಗ್ಗೆ ಪುತ್ತೂರಿನಿಂದ ಎತ್ತಿನಗಾಡಿಯಲ್ಲಿ ಇರ್ದೆ ತಲುಪಿದೆವು. ಹೊಳೆಯ ಪಕ್ಕದಲ್ಲಿ ಕಲ್ಲು ಕಟ್ಟಿದ ಸಣ್ಣ ಕೊಳ, ಇಳಿಯಲು ಮೆಟ್ಟಿಲು, ಗಂಧಕದ ತೆಳುವಾದ ವಾಸನೆ. ನಾನು ಕೈ ಅದ್ದಿ ನೋಡಿದೆ. ಕುದಿಯುವ ನೀರೇನಲ್ಲ, ಎಳೆಮಗುವಿಗೆ ಎರೆಯುವಷ್ಟು ಬೆಚ್ಚಗಿತ್ತು.

ಸಮೀಪದ ದೇವಸ್ಥಾನದ ವಯಸ್ಸಾದ ಅರ್ಚಕರು ಬಂದು ಮಾತಿಗೆ ಕುಳಿತರು. ಸ್ಥಳದ ಚರಿತ್ರೆ ಹೇಳಿ ಎಂದು ಕೇಳಿದ ತಪ್ಪು ನನ್ನದೇ. ಒಬ್ಬ ಋಷಿಯ ತಪಸ್ಸಿನಿಂದ ನೀರು ಉಕ್ಕಿತು ಎಂದು ಮೊದಲು ಹೇಳಿದರು. ಅತ್ತೆ ಕೈಮುಗಿದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ! ತಮ್ಮ ಅಜ್ಜ ಹೇಳುತ್ತಿದ್ದ ಕತೆ ಬೇರೆ ಎಂದರು. ಆ ಕಾಲದಲ್ಲಿ ಇಲ್ಲಿ ಕಲ್ಲೂ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ, ಬರಿಯ ಕೆಸರುಗುಂಡಿ. ಮೇಯಲು ಬಂದ ದನಗಳು ಚಳಿಗೆ ಅದರಲ್ಲಿ ಮಲಗುತ್ತಿದ್ದವು. ಅವುಗಳ ಹುಣ್ಣು ಮಾಯುವುದನ್ನು ಕಂಡು ದನ ಕಾಯುವವರು ಇಳಿದರು, ಅವರನ್ನು ಕಂಡು ಊರವರು ಇಳಿದರು. ಕಲ್ಲು ಕಟ್ಟಿದ್ದು ಆಮೇಲೆ.

ಮಾಡಿದ್ದೆಲ್ಲ ಹೊಳೆಗೆ ಹೋಯಿತು ಎಂದುಕೊಂಡೆ. ಅತ್ತೆ ನೀರಿನ ಕಡೆ ಬಗ್ಗಿ ನೋಡುತ್ತ ಕೇಳಿದರು:

"ಮಲಗ್ತಿದ್ದದ್ದು ಹಸುನೋ, ಎಮ್ಮೆನೋ?"

"ಎರಡೂ ಉಂಟಮ್ಮ. ಎಮ್ಮೆಯೇ ಹೆಚ್ಚು," ಎಂದರು ಅರ್ಚಕರು.

ಅತ್ತೆ ತಮ್ಮ ಬೆರಳುಗಳ ಕಡೆ ನೋಡಿಕೊಂಡರು. "ಪಾಪ, ಅವಕ್ಕೂ ಮೈಕೈ ನೋವು ಇರತ್ತಲ್ಲ," ಎಂದು ಮೆಲ್ಲಗೆ ಮೆಟ್ಟಿಲು ಇಳಿದರು.

ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತವರು ಬಿಸಿಲೇರುವವರೆಗೂ ಏಳಲಿಲ್ಲ. ಅರ್ಚಕರು ಹೋದ ಮೇಲೆ ನಾನು ಮೇಲಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದೆ. ಹಿಂದಿನಿಂದ ಅವರ ದನಿ ಕೇಳಿಸಿತು.

"ನಿಮಗೆಲ್ಲ ದಿನಾ ಹಂಡೆಗೆ ಉರಿ ಹಾಕ್ತೀನಲ್ಲ ಶೀನ, ನೀರು ಹೀಗಿರತ್ತೆ ಅನ್ನೋದೇ ಮರ್ತುಹೋಗಿತ್ತು ಕಣೋ."

ನಮ್ಮ ಮನೆಯ ಬಚ್ಚಲಿನ ಹಬೆಯಲ್ಲಿ ನಾವೆಲ್ಲ ಹಾಡಿಕೊಂಡು ಮೀಯುತ್ತಿದ್ದೆವು, ಕಟ್ಟಿಗೆ ನೂಕುತ್ತಿದ್ದ ಆ ಕೈಗೆ ಒಂದು ತಂಬಿಗೆ ಬಿಸಿನೀರು ಇರಲಿಲ್ಲ.

ಇನ್ನೂ ಎರಡು ದಿನ ಅಲ್ಲೇ ಇದ್ದು ಸ್ನಾನ ಮಾಡಿಸಿದೆ. ಬೆರಳು ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ನೋವು ಸ್ವಲ್ಪ ತಗ್ಗಿತು ಅಷ್ಟೆ. ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ ಮಗುವಿನ ಹಾಗೆ ನಿದ್ದೆ ಮಾಡಿದರು.

ಬಸವನಗುಡಿಗೆ ಬಂದ ಮರುದಿನ ಅತ್ತೆಗಿಂತ ಮುಂಚೆ ಎದ್ದು ಹಂಡೆಗೆ ಉರಿ ಹಾಕಿ ಅವರನ್ನು ಕರೆದೆ. ಬಚ್ಚಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ಉರಿಯನ್ನು ನೋಡಿದರು. ಬೇಡ ಎನ್ನುತ್ತಾರೆ ಎಂದು ಕಾದೆ.

"ಸ್ನಾನ ಮಾಡದೆ ಮೈಲಿಗೇಲಿ ಹಚ್ಚಿದೀಯ. ಇದು ನಂಗೆ ಬರಲ್ಲ," ಎಂದರು. "ನೀನು ತಣ್ಣೀರಲ್ಲಿ ಮಿಂದು, ಒದ್ದೆ ಪಂಚೇಲಿ ಬಂದು ಹಚ್ಚು. ಆಗ ನೋಡೋಣ."

ಹಿತ್ತಲ ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡೆ. ಹಲ್ಲು ಕಟಕಟ ಎನ್ನುತ್ತಿರಲು ಹಳೆಯ ಉರಿ ಆರಿಸಿ, ನೀರು ಚೆಲ್ಲಿ, ಹೊಸದಾಗಿ ಹಂಡೆ ತುಂಬಿ ಒಲೆ ಹಚ್ಚಿದೆ. ನೀರು ಕಾದ ಮೇಲೆ ಅತ್ತೆ ಬಚ್ಚಲೊಳಗೆ ಹೋಗಿ ಕದ ಹಾಕಿಕೊಂಡರು. ಅವರಿದ್ದಷ್ಟು ಕಾಲವೂ ನಮ್ಮ ಮನೆಯ ತಣ್ಣೀರು ಸ್ನಾನ ನನ್ನದಾಯಿತು.